ಒಂಬತ್ತರ ಪಟ್ಟಿ, ಮೂವತ್ತಾರರ ಗಂಟಲು: ಒಬ್ಬ ಖ್ಯಾಲ್ ಗಾಯಕಿಯ ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣ ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ವಾಸಿಸುವ, ಹಿಂದುಸ್ತಾನಿ ಸಂಗೀತದ ಕಿರಾನಾ ಘರಾಣೆಯ, ಅಂದರೆ ಆ ಹೆಸರಿನ ಗಾಯನ ಪರಂಪರೆಯ, ತಾಲೀಮು ಪಡೆದ ಒಬ್ಬ ಖ್ಯಾಲ್ ಗಾಯಕಿಯದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಹತ್ತದಂತೆ ಕುಟುಂಬ, ಕೆಲಸ ಮತ್ತು ಊರುಗಳ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಗಂಟಲಿಗೆ ಮತ್ತು ಹಾಡಿಕೆಗೆ ಸಂಬಂಧಿಸಿದ ಯಾವುದನ್ನೂ ಬದಲಿಸಿಲ್ಲ. ನಾನು ಅವರ ಗುರುಭಗಿನಿ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಛೇರಿಗಳಲ್ಲಿ ಅವರ ಬೆನ್ನ ಹಿಂದೆ ತಂಬೂರಿ ಹಿಡಿದು ಕುಳಿತವಳು. ಆದ್ದರಿಂದ ಇಲ್ಲಿ ನಡೆದ ತಪ್ಪುಗಳಲ್ಲಿ ಒಂದೆರಡರಲ್ಲಿ ನನ್ನ ಪಾಲೂ ಇದೆ, ಅದನ್ನು ಆಯಾ ಜಾಗದಲ್ಲಿ ಹೇಳುತ್ತೇನೆ.

ಗಾಯಕಿ ಒಂಬತ್ತನೆಯ ವಯಸ್ಸಿನಲ್ಲಿ ಕಲಿಯಲು ಬಂದರು. ನಮ್ಮ ಭಾಗದಲ್ಲಿ ಇದು ಅಪರೂಪದ ಸಂಗತಿಯಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು ಮತ್ತು ಅವರ ನಂತರ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಊಟ, ವಸತಿಯೊಂದಿಗೆ ಸಂಗೀತ ಕಲಿಸಿದ ನೆಲ ಇದು; ಕುಂದಗೋಳದಲ್ಲಿ ಸವಾಯಿ ಗಂಧರ್ವರು, ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್, ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರ ಮತ್ತು ಬಸವರಾಜ ರಾಜಗುರು ಬದುಕಿದ್ದ ಪ್ರದೇಶದಲ್ಲಿ ಮಗಳ ದನಿ ಚೆನ್ನಾಗಿದೆ ಎಂದು ಯಾರಾದರೂ ಹೇಳಿದರೆ ತಾಯಿ-ತಂದೆ ಮುಂದಿನ ಸೋಮವಾರವೇ ಯಾರಾದರೊಬ್ಬ ಗುರುಗಳ ಮನೆಯ ಬಾಗಿಲಿಗೆ ಕರೆದೊಯ್ಯುತ್ತಾರೆ. ಇವರ ಮುಂದಿನ ದಾರಿಯೂ ರೂಢಿಯದೇ: ಶಾಲಾ ಸ್ಪರ್ಧೆಗಳು, ವಿಶಾರದ ಪರೀಕ್ಷೆ, ಸಂಗೀತದಲ್ಲಿ ಸ್ನಾತಕೋತ್ತರ ಪದವಿ, ಆಕಾಶವಾಣಿಯ ಕಲಾವಿದರ ಶ್ರೇಣಿಯಲ್ಲಿ ಬಿ ದರ್ಜೆ, ಕೆಲವು ವರ್ಷಗಳ ಬಳಿಕ ಬಿ-ಹೈ. ಮೂವತ್ತರ ಹೊತ್ತಿಗೆ ಶ್ರಾವಣ ಮಾಸದಲ್ಲಿ ಮಠಗಳ ಕಾರ್ಯಕ್ರಮಗಳಿಂದ ಬಿಡುವು ಸಿಗುತ್ತಿರಲಿಲ್ಲ. ಆದರೆ ಬರಿಯ ಕಛೇರಿಗಳಿಂದ ಮನೆ ನಡೆಯುವುದಿಲ್ಲವಾದ್ದರಿಂದ ಒಂದು ಖಾಸಗಿ ಶಾಲೆಯಲ್ಲಿ ಸಂಗೀತ ಶಿಕ್ಷಕಿಯಾದರು, ಸಂಜೆ ಮನೆಯಲ್ಲಿ ಪಾಠ ಹೇಳುತ್ತಿದ್ದರು.

ಮುಂದಿನದೆಲ್ಲ ಒಂದು ಶಬ್ದದ ಸುತ್ತ ತಿರುಗುವುದರಿಂದ ಅದನ್ನು ಇಲ್ಲಿಯೇ ಬಿಡಿಸಿ ಹೇಳಬೇಕು. ಹಾಡುವವರು ತಮ್ಮ ಷಡ್ಜವನ್ನು, ಅಂದರೆ ಆಧಾರಸ್ವರವಾದ ‘ಸ’ವನ್ನು, ಯಾವ ಎತ್ತರದಲ್ಲಿ ಇಟ್ಟುಕೊಳ್ಳುತ್ತಾರೆ ಎಂಬುದಕ್ಕೆ ನಮ್ಮಲ್ಲಿ ‘ಪಟ್ಟಿ’ ಎನ್ನುತ್ತಾರೆ. ಹಾರ್ಮೋನಿಯಂನ ಮನೆಗಳ (ಬೆರಳಿಂದ ಒತ್ತುವ ಪಟ್ಟಿಕೆಗಳ) ಬಣ್ಣ ಮತ್ತು ಎಣಿಕೆಯ ಮೇಲೆ ಅದಕ್ಕೆ ಹೆಸರು: ಬಿಳಿ 1, ಕರಿ 1, ಕರಿ 5 ಹೀಗೆ. ಹಳಬರು ಕಾಳಿ ಪಾಂಚ್ ಎಂದೇ ಹೇಳುತ್ತಾರೆ. ನಮ್ಮ ಗುರುಗಳ ಪಟ್ಟಿ ಕರಿ 1. ಹೆಣ್ಣುಮಕ್ಕಳಿಗೆ ಅವರು ಕರಿ 5ರಲ್ಲಿ ಪಾಠ ಹೇಳುತ್ತಿದ್ದರು. ಗುರುಗಳ ಮನೆಯಲ್ಲಿ ಮಿರಜದಿಂದ ತಂದ ಎರಡು ಸಣ್ಣ ತಂಬೂರಿಗಳಿದ್ದವು, ಎರಡೂ ಕರಿ 5ಕ್ಕೆ ಸೇರಿಸಿದವು. ಒಂಬತ್ತು ವರ್ಷದ ಹುಡುಗಿಗೆ ಆ ಪಟ್ಟಿ ಚೆನ್ನಾಗಿಯೇ ಹೊಂದುತ್ತಿತ್ತು. ಅದೇ ಹುಡುಗಿಗೆ ಹದಿನೈದಾಯಿತು, ಇಪ್ಪತ್ತೈದಾಯಿತು, ಎರಡು ಹೆರಿಗೆಗಳಾದವು, ಮೂವತ್ತಾರು ತುಂಬಿತು; ಪಟ್ಟಿ ಮಾತ್ರ ಕರಿ 5ರಲ್ಲಿಯೇ ಉಳಿಯಿತು. ಇಪ್ಪತ್ತೇಳು ವರ್ಷಗಳಲ್ಲಿ ಈ ಪಟ್ಟಿ ಈಗಲೂ ಇವಳದೇ ಹೌದೋ ಅಲ್ಲವೋ ಎಂದು ಯಾರೂ ಒಮ್ಮೆಯೂ ಕೇಳಲಿಲ್ಲ. ಗುರುಗಳು ಕೇಳಲಿಲ್ಲ, ಗಾಯಕಿ ಸ್ವತಃ ಕೇಳಿಕೊಳ್ಳಲಿಲ್ಲ, ಪಕ್ಕದಲ್ಲಿ ಕುಳಿತ ನಾವೂ ಕೇಳಲಿಲ್ಲ.

ದನಿ ಒಡೆದದ್ದು

ಮೊದಲ ಸೂಚನೆ ಸಿಕ್ಕಿದ್ದು ಕಛೇರಿಯಲ್ಲಲ್ಲ, ಶಾಲೆಯಲ್ಲಿ. ನಾಲ್ವತ್ತೈದು ಮಕ್ಕಳ ತರಗತಿಯಲ್ಲಿ, ಪಕ್ಕದ ಮೈದಾನದ ಗದ್ದಲದ ನಡುವೆ, ಮಕ್ಕಳ ಎತ್ತರಕ್ಕೆ ದನಿ ಏರಿಸಿ ದಿನಕ್ಕೆ ನಾಲ್ಕು ಅವಧಿ ಹಾಡಿಸುವುದು ಗಂಟಲಿಗೆ ಯಾವ ಕಛೇರಿಗಿಂತಲೂ ಭಾರ. ಮಧ್ಯಾಹ್ನದ ಹೊತ್ತಿಗೆ ದನಿ ಕೂರುತ್ತಿತ್ತು, ಬೆಳಗಾದರೆ ಸರಿಹೋಗುತ್ತಿತ್ತು. ಬರಬರುತ್ತ ಬೆಳಿಗ್ಗೆಯೂ ಸರಿಹೋಗದಾಯಿತು. ಮಾತಿನಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಹಾಡುವಾಗ ಮೇಲಿನ ಸ್ವರವನ್ನು ಸಣ್ಣಗೆ, ಮೆತ್ತಗೆ ಹಚ್ಚಲು ಹೋದರೆ ಸ್ವರ ಬರುವ ಮೊದಲು ಗಾಳಿ ಬರುತ್ತಿತ್ತು. ಜೋರಾಗಿ ಹಚ್ಚಿದರೆ ಬರುತ್ತಿತ್ತು. ಹೀಗಾಗಿ ಅವರು ಜೋರಾಗಿ ಹಾಡತೊಡಗಿದರು. ಇದು ಪ್ರಕರಣದ ಮೊದಲ ತಿರುವು ಎಂದು ಈಗ ಅನಿಸುತ್ತದೆ: ಗಂಟಲು ಬೇಡವೆಂದು ಹೇಳುತ್ತಿದ್ದುದನ್ನು ಹೆಚ್ಚು ಬಲ ಹಾಕಿ ಮಾಡಿಸಿಕೊಂಡದ್ದು.

ಆ ಶ್ರಾವಣದಲ್ಲಿ ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಮಠದಲ್ಲಿ ಅಹೋರಾತ್ರಿ ಕಾರ್ಯಕ್ರಮವಿತ್ತು. ನಮ್ಮ ಸರದಿ ಬಂದಾಗ ರಾತ್ರಿ ಎರಡು ಗಂಟೆ ದಾಟಿತ್ತು, ಹೊರಗೆ ಜಿಟಿಜಿಟಿ ಮಳೆ. ಆ ಹೊತ್ತಿಗೆ ತಕ್ಕುದಾಗಿ ಸೋಹನಿ ಎತ್ತಿಕೊಂಡರು. ಸೋಹನಿಯ ಜೀವ ಇರುವುದೇ ಉತ್ತರಾಂಗದಲ್ಲಿ, ಅಂದರೆ ಏಳು ಸ್ವರಗಳ ಸಪ್ತಕದ ಮೇಲಿನ ಅರ್ಧದಲ್ಲಿ. ತಾರ ಷಡ್ಜದಲ್ಲಿ (ಮೇಲಿನ ಸಪ್ತಕದ ‘ಸ’ದಲ್ಲಿ) ಮನೆ ಮಾಡಿಕೊಂಡು, ಅಲ್ಲಿಂದ ಕೋಮಲ ಋಷಭವನ್ನು ಮುಟ್ಟಿ ಮುಟ್ಟಿ ಬರುವ ರಾಗ ಅದು. ಹಾಡಿನ ಎರಡನೆಯ ಭಾಗವಾದ ಅಂತರಾದಲ್ಲಿ ತಾರ ಷಡ್ಜಕ್ಕೆ ನಿಂತಾಗ ದನಿ ಎರಡಾಗಿ ಸೀಳಿತು. ಅವರು ಮುಖವನ್ನು ತುಸು ನನ್ನ ತಂಬೂರಿಯ ಕಡೆ ತಿರುಗಿಸಿ, ಎಡಗೈಯನ್ನು ಮೊಣಕಾಲ ಮೇಲಿನಿಂದ ಎರಡು ಬೆರಳಷ್ಟು ಎತ್ತಿದರು. ನನಗೆ ಅರ್ಥವಾಯಿತು. ನಾನೂ ಇನ್ನೊಬ್ಬ ಶಿಷ್ಯೆಯೂ ಆ ಷಡ್ಜವನ್ನು ತುಂಬಿದೆವು. ಮುಂದೆ ಕೂತವರೊಬ್ಬರು “ವಾಹ್” ಎಂದರು. ಆ ರಾತ್ರಿ ಇನ್ನೂ ಐದಾರು ಸಲ ಹಾಗೆಯೇ ತುಂಬಿದೆವು. ಅದು ಗುರುಭಗಿನಿಯ ಧರ್ಮವೆಂದೇ ನಾನು ತಿಳಿದಿದ್ದೆ. ಮುಂದಿನ ಏಳೆಂಟು ತಿಂಗಳು ಪ್ರತಿ ಕಛೇರಿಯಲ್ಲೂ ಅದೇ ನಡೆಯಿತು, ಆದ್ದರಿಂದಲೇ ತೊಂದರೆ ಯಾರ ಕಣ್ಣಿಗೂ ಬೀಳಲಿಲ್ಲ. ನಾವು ಅಂದೇ ಸುಮ್ಮನಿದ್ದಿದ್ದರೆ ಅವರು ಎಂಟು ತಿಂಗಳು ಮೊದಲೇ ವೈದ್ಯರ ಬಳಿ ಹೋಗುತ್ತಿದ್ದರು.

ಮಾಡಿ ನೋಡಿದ್ದು

ಮನೆಮದ್ದುಗಳ ಬಗೆಗೆ ಹೆಚ್ಚು ಬರೆಯುವುದಿಲ್ಲ. ಜೇಷ್ಠಮಧು, ಕಲ್ಲುಸಕ್ಕರೆ, ಹಿಪ್ಪಲಿಯ ಕಷಾಯ ಎಲ್ಲ ಆದವು. ಗಂಟಲಿಗೆ ಹಿತವಾಯಿತು, ದನಿ ಬರಲಿಲ್ಲ.

ಎರಡನೆಯದು ರಿಯಾಜ್ ಹೆಚ್ಚಿಸಿದ್ದು. ದನಿ ಕೆಟ್ಟರೆ ಸಾಧನೆ ಸಾಲದು ಎಂಬ ಮಾತು ನಮ್ಮ ಪರಂಪರೆಯಲ್ಲಿ ಆಳವಾಗಿ ಕೂತಿದೆ. ಬೆಳಗಿನ ನಾಲ್ಕೂವರೆಗೆ ಎದ್ದು ಒಂದೂವರೆ ಗಂಟೆ ಹಾಡಿ ಶಾಲೆಗೆ ಹೋಗುತ್ತಿದ್ದರು. ತಿಂಗಳೊಳಗೆ ಸ್ಥಿತಿ ಇನ್ನಷ್ಟು ಕೆಟ್ಟಿತು.

ಮೂರನೆಯದು ತಾವೇ ವಿಧಿಸಿಕೊಂಡ ಮೌನ. ಮೂರು ವಾರ ಹಾಡಲಿಲ್ಲ, ಆದರೆ ಮನೆಯವರೊಂದಿಗೂ ಶಾಲೆಯಲ್ಲೂ ಪಿಸುದನಿಯಲ್ಲಿ ಮಾತನಾಡಿದರು. ಪಿಸುಮಾತು ವಿಶ್ರಾಂತಿಯಲ್ಲ, ಒತ್ತಿ ಪಿಸುಗುಟ್ಟಿದರೆ ಸ್ವರತಂತುಗಳಿಗೆ ಅದೂ ಶ್ರಮವೇ ಎಂಬುದು ನಮಗೆ ಆಗ ತಿಳಿದಿರಲಿಲ್ಲ. ಮೂರು ವಾರ ಮುಗಿದ ದಿನವೇ ಎರಡು ಗಂಟೆಯ ಕಛೇರಿ ಒಪ್ಪಿಕೊಂಡಿದ್ದರು. ಮೊದಲ ನಲವತ್ತು ನಿಮಿಷ ಹಳೆಯ ದನಿ ಮರಳಿ ಬಂದಂತೆ ಅನಿಸಿತು, ಉಳಿದದ್ದು ಹೇಗೆ ಮುಗಿಯಿತೆಂದು ಅವರಿಗೂ ನೆನಪಿಲ್ಲ.

ಆ ಬಳಿಕ ಕಿವಿ-ಮೂಗು-ಗಂಟಲಿನ ತಜ್ಞರ ಬಳಿ ಹೋದರು. ದೂರ್ಬೀನಿನ ಕೊಳವೆ ಇಳಿಸಿ ನೋಡಿದಾಗ ಎರಡೂ ಸ್ವರತಂತುಗಳ ಮೇಲೆ, ಎದುರುಬದುರಾಗಿ, ಸಣ್ಣ ಗಂಟುಗಳಿದ್ದವು. ಗುದ್ದಲಿ ಹಿಡಿದ ಅಂಗೈಯಲ್ಲಿ ಗಟ್ಟಿಯಾಗುವ ಚರ್ಮದಂತೆಯೇ ಇವು. ತಂತುಗಳು ಮತ್ತೆ ಮತ್ತೆ ಜೋರಾಗಿ ಬಡಿದುಕೊಳ್ಳುವ ಜಾಗದಲ್ಲಿ, ಮುಂದಿನ ಮೂರನೆಯ ಒಂದು ಭಾಗ ಮುಗಿಯುವಲ್ಲಿ, ಬೆಳೆಯುತ್ತವೆ. ಗಂಟು ಇರುವೆಡೆ ತಂತುಗಳು ಪೂರ್ತಿ ಕೂಡುವುದಿಲ್ಲವಾದ್ದರಿಂದ ಗಾಳಿ ಸೋರುತ್ತದೆ. ಮೆತ್ತನೆಯ ಸ್ವರ ಮೊದಲು ಹೋಗುವುದು ಇದರಿಂದಲೇ. ಶಸ್ತ್ರಚಿಕಿತ್ಸೆ ಕೊನೆಯ ಮಾತು, ಮೊದಲು ದನಿಯ ಬಳಕೆಯನ್ನು ಬದಲಿಸಿ ಎಂದು ವೈದ್ಯರು ಹೇಳಿದರು. ದನಿ ಚಿಕಿತ್ಸಕಿಯೊಬ್ಬರ ಬಳಿ ಅಭ್ಯಾಸಗಳು ಶುರುವಾದವು. ನೀರು ಹೆಚ್ಚು, ರಾತ್ರಿ ಕಛೇರಿಯ ಬಳಿಕದ ಮಿರ್ಚಿ-ಭಜಿ ಮತ್ತು ಖಡಕ್ ಚಹಾ ಬಂದ್, ತರಗತಿಯಲ್ಲಿ ಕೊರಳಿಗೆ ಹಾಕುವ ಸಣ್ಣ ಮೈಕ್. ಐದು ತಿಂಗಳಲ್ಲಿ ಗಂಟುಗಳು ಬಹಳ ಇಳಿದವು.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಅವರು ಮತ್ತೆ ಕರಿ 5ಕ್ಕೆ ಹಾಡಲು ಕುಳಿತರು. ಒಂದು ವರ್ಷ ತುಂಬುವುದರೊಳಗೆ ಗಂಟುಗಳು ಮರಳಿದವು.

ಪಟ್ಟಿಯ ಪ್ರಶ್ನೆ

ಪಟ್ಟಿಯ ಮಾತನ್ನು ಮೊದಲು ಎತ್ತಿದವರು ವೈದ್ಯರಲ್ಲ, ಗುರುಗಳಲ್ಲ, ಗದಗಿನ ಕಡೆಯ ಒಬ್ಬ ಹಾರ್ಮೋನಿಯಂ ವಾದಕರು. ಕಛೇರಿ ಮುಗಿದು ಪೆಟ್ಟಿಗೆಯ ಮುಚ್ಚಳ ಹಾಕುತ್ತ ಅವರು ಹೇಳಿದ ಮಾತು ನನಗೆ ಹಾಗೆಯೇ ನೆನಪಿದೆ: “ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ದನಿ ಕೆಳಗ ಕುಂತದ, ನೀವು ಮ್ಯಾಲ ಹುಡಕಲಿಕ್ಕ ಹತ್ತೀರಿ.” ಮರುದಿನ ಅವರೇ ಮನೆಗೆ ಬಂದು ಹಾರ್ಮೋನಿಯಂ ಇಟ್ಟುಕೊಂಡು ಪರೀಕ್ಷಿಸಿದರು. ಖ್ಯಾಲ್ ಹಾಡಲು ಸಾಮಾನ್ಯವಾಗಿ ಮಂದ್ರ (ಕೆಳಗಿನ ಸಪ್ತಕದ) ಪಂಚಮದಿಂದ ತಾರ ಪಂಚಮದವರೆಗೆ, ಅಂದರೆ ಎರಡು ಸಪ್ತಕದ ಹರವು ಬೇಕು. ಇವರ ದನಿ ಶ್ರಮವಿಲ್ಲದೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಗುರುತಿಸಿದಾಗ ಹರವು ಸರಿಯಾಗಿ ಎರಡು ಸಪ್ತಕ ಇತ್ತು. ಆದರೆ ಅದು ಕರಿ 5ರ ಲೆಕ್ಕದಲ್ಲಿ ಮಂದ್ರದ ಕೋಮಲ ಗಾಂಧಾರದಿಂದ ತಾರದ ಕೋಮಲ ಗಾಂಧಾರದವರೆಗೆ ಇತ್ತು. ಷಡ್ಜವನ್ನು, ಬಿಳಿ-ಕರಿ ಎರಡನ್ನೂ ಎಣಿಸಿ, ನಾಲ್ಕು ಮನೆ ಇಳಿಸಿ ಕರಿ 3ಕ್ಕೆ ತಂದರೆ ಅದೇ ಎರಡು ತುದಿಗಳು ಮಂದ್ರ ಪಂಚಮ ಮತ್ತು ತಾರ ಪಂಚಮವಾಗುತ್ತವೆ. ಇಪ್ಪತ್ತೇಳು ವರ್ಷಗಳ ಪ್ರಶ್ನೆಗೆ ಅರ್ಧ ಗಂಟೆಯಲ್ಲಿ, ನಾಲ್ಕು ಮನೆಗಳ ಉತ್ತರ ಸಿಕ್ಕಿತ್ತು.

ಉತ್ತರ ಸಿಕ್ಕಿತೆಂದು ಕೆಲಸ ಆಗಲಿಲ್ಲ. ಪಟ್ಟಿ ಇಳಿಸುವುದನ್ನು ನಮ್ಮಲ್ಲಿ ಸೋಲೆಂದು ಎಣಿಸುತ್ತಾರೆ; ವಯಸ್ಸಾಯಿತು, ದನಿ ಹೋಯಿತು ಎನ್ನುತ್ತಾರೆ. ಅದರಲ್ಲೂ ಕಿರಾನಾದವರ ಕಿವಿಯಲ್ಲಿ ಆ ಘರಾಣೆಯ ಹಿರಿಯರಾದ ಅಬ್ದುಲ್ ಕರೀಂ ಖಾನರ ಎತ್ತರದ, ಎಳೆಯಂತಹ ದನಿ ಆದರ್ಶವಾಗಿ ಕೂತಿದೆ. ಹುಬ್ಬಳ್ಳಿಯಲ್ಲಿಯೇ ಇದಕ್ಕೆ ವಿರುದ್ಧವಾದ ದೊಡ್ಡ ಉದಾಹರಣೆ ಇರುವುದು ನಿಜ. ಗಂಗೂಬಾಯಿಯವರ ಮೊದಲ ಧ್ವನಿಮುದ್ರಿಕೆಗಳಲ್ಲಿ ದನಿ ತೆಳು ಮತ್ತು ಎತ್ತರ. ಗಂಟಲಿನ ಚಿಕಿತ್ಸೆಯ ಬಳಿಕ ಅದು ಗಂಡುದನಿಯಷ್ಟು ಗಡಸಾಯಿತು, ಅವರು ಆ ಗಡಸಿನಲ್ಲೇ ತಮ್ಮ ಗಾಯನಶೈಲಿಯನ್ನು ಕಟ್ಟಿದರು. ಆದರೆ ಈ ಉದಾಹರಣೆ ನಮ್ಮ ಗಾಯಕಿಗೆ ಧೈರ್ಯ ಕೊಟ್ಟಷ್ಟೇ ಕಾಟವನ್ನೂ ಕೊಟ್ಟಿತು. ಕೆಳಗೆ ಹಾಡಿದರೆ ಇವರು ಗಂಗೂಬಾಯಿಯವರ ನಕಲು ಮಾಡುತ್ತಾರೆ ಎಂದು ಈ ಊರಿನ ಕೇಳುಗರು ಅನ್ನದೆ ಇರುವುದಿಲ್ಲ ಎಂಬ ಅಂಜಿಕೆ ಅವರಿಗಿತ್ತು. ಬೇರೆ ಯಾವ ಊರಿನಲ್ಲಿದ್ದರೂ ಆ ಅಂಜಿಕೆ ಇರುತ್ತಿರಲಿಲ್ಲ.

ಅವರು ನಡುದಾರಿ ಹಿಡಿದರು. ಒಂದು ಪುಣ್ಯತಿಥಿಯ ಕಾರ್ಯಕ್ರಮದಲ್ಲಿ, ನೆಗಡಿಯ ನೆಪ ಹೇಳಿ, ಕರಿ 4ರಲ್ಲಿ ಹಾಡಲು ನಿಶ್ಚಯಿಸಿದರು. ತಂಬೂರಿ ಕರಿ 5ರದ್ದೇ, ತಂತಿ ಸಡಿಲಿಸಿದ್ದಷ್ಟೇ. ಸಡಿಲಾದ ತಂತಿ ಕುದುರೆಯ (ತಂತಿ ಹಾಯುವ ಮಣೆಯ) ಮೇಲೆ ಸರಿಯಾಗಿ ಕೂರದೆ ಜವಾರಿ, ಅಂದರೆ ತಂತಿಯ ಝೇಂಕಾರ, ಸತ್ತುಹೋಯಿತು, ನಾದ ತಗಡು ಬಡಿದಂತೆ ಕೇಳಿತು. ಗುರುಗಳು ಮೊದಲ ಸಾಲಿನಲ್ಲಿ ಬಂದು ಕುಳಿತರು. ಅವರನ್ನು ನೋಡಿದೊಡನೆ ಗಾಯಕಿ ನನ್ನ ಕಡೆ ತಿರುಗಿ “ಏರಿಸು” ಎಂದರು. ನಾನು ಬಿರಡೆ ತಿರುವಿದೆ. ಆ ದಿನದ ಹಾಡಿಕೆಯ ನಂತರ ಅವರ ದನಿ ಹನ್ನೊಂದು ದಿನ ಪೂರ್ತಿ ಹೋಗಿತ್ತು.

ನನ್ನ ಅಭಿಪ್ರಾಯದಲ್ಲಿ ಪ್ರಕರಣದ ನಿಜವಾದ ಸಮಸ್ಯೆ ಬಯಲಾದದ್ದು ಆ ಒಂದು ಶಬ್ದದಲ್ಲಿ. ಗಂಟು ಗಂಟಲಿನಲ್ಲಿತ್ತು, ಆದರೆ ಅದನ್ನು ಅಲ್ಲಿ ಉಳಿಸಿದ್ದು ಗುರುಗಳೆದುರು ಆಡಲಾರದ ಒಂದು ಮಾತು. ಗುರು ಹಾಕಿಕೊಟ್ಟ ಪಟ್ಟಿಯನ್ನು ಬಿಡುವುದೆಂದರೆ ಗುರುವನ್ನೇ ಬಿಟ್ಟಂತೆ ಎಂದು ಅವರು ನಂಬಿದ್ದರು. ಗುರುಗಳು ಹಾಗೆಂದು ಎಂದೂ ಹೇಳಿರಲಿಲ್ಲ.

ಹನ್ನೆರಡನೆಯ ದಿನ, ಮಾತು ಬಂದ ಕೂಡಲೆ, ಅವರು ಗುರುಗಳ ಮನೆಗೆ ಹೋದರು. ನಾನೂ ಜೊತೆಗಿದ್ದೆ. ವೈದ್ಯರ ಚೀಟಿಯನ್ನೂ ಚಿತ್ರವನ್ನೂ ಮುಂದಿಟ್ಟು ಎಲ್ಲವನ್ನೂ ಹೇಳಿದರು. ಗುರುಗಳು ಬಹಳ ಹೊತ್ತು ಏನೂ ಅನ್ನಲಿಲ್ಲ. ಅವರಿಗೆ ನೋವಾಗಿತ್ತು, ಅದನ್ನು ಮುಚ್ಚಿಡಲೂ ಇಲ್ಲ: “ಇಷ್ಟ ದಿನ ನನಗ ಯಾಕ ಹೇಳ್ಲಿಲ್ಲ ತಂಗೀ?” ಎಂದರು. ಎರಡು ವಾರ ಪಾಠಕ್ಕೆ ಕರೆಯಲಿಲ್ಲ. ಆಮೇಲೆ ಕರೆಕಳಿಸಿ, ತಮ್ಮ ದೊಡ್ಡ ತಂಬೂರಿಯನ್ನು ಕೈಗೆ ಕೊಟ್ಟು, ಕರಿ 3ರಲ್ಲಿ ಷಡ್ಜ ಹಚ್ಚಲು ಹೇಳಿದರು. ಸ್ವಲ್ಪ ಹೊತ್ತು ಕೇಳಿ, “ನನ್ನ ಮಧ್ಯಮ ಅಂದ್ರ ನಿನ್ನ ಷಡ್ಜ ಆತು ನೋಡು. ಇನ್ನ ಕಲಸೋದು ನನಗೂ ಹಗುರ” ಎಂದರು. ಅದು ಸ್ವರಶಾಸ್ತ್ರದ ಮಾತೂ ಹೌದು: ಕರಿ 1ರಿಂದ ಎಣಿಸಿದರೆ ಕರಿ 3 ಶುದ್ಧ ಮಧ್ಯಮ. ಕರಿ 5 ಅವರ ಧೈವತವಾಗಿತ್ತು, ಆ ಪಟ್ಟಿಯಲ್ಲಿ ಪಾಠ ಹೇಳಲು ಅವರೂ ಇಷ್ಟು ವರ್ಷ ತಮ್ಮ ದನಿಯನ್ನು ತಿರುಚಿಕೊಂಡೇ ಹಾಡುತ್ತಿದ್ದರು.

ಬದಲಿಸಿದ ಬಗೆ

ಪಟ್ಟಿ ಬದಲಿಸುವವರು ಅದು ಗಂಟಲಿನ ಕೆಲಸವಷ್ಟೇ ಎಂದು ತಿಳಿಯಬಾರದು. ಮೊದಲು ತಂಬೂರಿ. ಕರಿ 4ರ ಅನುಭವದಿಂದ ಪಾಠ ಕಲಿತು, ಮಿರಜದ ಕುಶಲಕರ್ಮಿಯೊಬ್ಬರಿಂದ ಮೊದಲಿಗಿಂತ ದಪ್ಪ ತಂತಿ ಹಾಕಿಸಿ, ಕುದುರೆಯನ್ನು ಹೊಸದಾಗಿ ಉಜ್ಜಿಸಿ ಜವಾರಿ ತೆರೆಸಿದರು. ಆತ ಅರ್ಧ ದಿನ ಕುಳಿತು, ತಂತಿಯ ಕೆಳಗೆ ಹತ್ತಿಯ ದಾರವನ್ನು ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ಹಿಂದೆ ಸರಿಸುತ್ತ, ಪ್ರತಿ ಸಲವೂ ಕಣ್ಣು ಮುಚ್ಚಿ ಕೇಳುತ್ತಿದ್ದ. ನಾದ ತೆರೆದುಕೊಂಡಾಗ ಗಾಯಕಿಗೆ ತಡೆಯಲಾಗದೆ ಷಡ್ಜ ಹಚ್ಚಿಬಿಟ್ಟರು. ತಬಲಾ ನುಡಿಸುವವರಿಗೆ ಬಾಯಿ ಅಗಲವಾದ ಬೇರೆ ತಬಲಾ ಬೇಕಾಯಿತು. ಹಾರ್ಮೋನಿಯಂನವರ ಬೆರಳು ಹೊಸ ಮನೆಗಳಿಗೆ ಒಗ್ಗಬೇಕಾಯಿತು.

ಒಂದು ವರ್ಷ ಕಛೇರಿ ಮಾಡಲಿಲ್ಲ. ಶಾಲೆಯ ಪೂರ್ಣಾವಧಿ ಕೆಲಸ ಬಿಟ್ಟು ವಾರಕ್ಕೆ ಮೂರು ದಿನಕ್ಕೆ ಇಳಿಸಿಕೊಂಡರು. ಮನೆಯ ಖರ್ಚು ಬಿಗಿಯಾಯಿತು, ಎ ದರ್ಜೆಯ ಅರ್ಜಿ ಮುಂದಕ್ಕೆ ಹೋಯಿತು. ರಿಯಾಜ್ ದಿನಕ್ಕೆ ಎರಡು ಸಲ ಇಪ್ಪತ್ತು ನಿಮಿಷ, ಅದಕ್ಕಿಂತ ಒಂದು ನಿಮಿಷ ಹೆಚ್ಚಿಲ್ಲ. ಮಾಡಿದ ಆಯ್ಕೆಗಳಲ್ಲಿ ನನಗೆ ಬಹಳ ಜಾಣ್ಮೆಯದೆಂದು ಕಂಡದ್ದು ರಾಗದ ಆಯ್ಕೆ. ಗುರುಗಳು ಆ ವರ್ಷವೆಲ್ಲ ಸಂಜೆ ಒಂದೇ ರಾಗ ಹೇಳಿಕೊಟ್ಟರು: ಪೂರಿಯಾ. ಪೂರಿಯಾ, ಮಾರವಾ, ಸೋಹನಿ ಮೂರಕ್ಕೂ ಸ್ವರಗಳು ಒಂದೇ. ಪಂಚಮವಿಲ್ಲ, ಋಷಭ ಕೋಮಲ, ಮಧ್ಯಮ ತೀವ್ರ. ಬೇರೆ ಇರುವುದು ಒತ್ತು ಬೀಳುವ ಜಾಗ ಮತ್ತು ನಡೆ. ಸೋಹನಿ ಮೇಲೆ ಮಿಂಚಿದರೆ ಪೂರಿಯಾ ಮಂದ್ರದ ನಿಷಾದ-ಧೈವತಗಳಲ್ಲಿ ಇಳಿದು ಕೂರುತ್ತದೆ. ಮಠದ ಆ ರಾತ್ರಿ ಯಾವ ಸ್ವರಗಳಲ್ಲಿ ದನಿ ಒಡೆದಿತ್ತೋ ಅವೇ ಸ್ವರಗಳನ್ನು, ಕೆಳಗಿನಿಂದ, ಅವಸರವಿಲ್ಲದೆ ಮರಳಿ ಪಡೆಯುವುದು ಗುರುಗಳ ಯೋಜನೆಯಾಗಿತ್ತು. ಹೀಗೆಂದು ಅವರು ಬಿಡಿಸಿ ಹೇಳಲಿಲ್ಲ, ನಾವು ತಡವಾಗಿ ಅರ್ಥ ಮಾಡಿಕೊಂಡೆವು.

ಫಲಿತಾಂಶ

ಆರು ವರ್ಷಗಳಾದವು, ಗಂಟುಗಳು ಮರಳಿ ಬಂದಿಲ್ಲ; ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ನಿಧಾನ ಲಯದ ವಿಲಂಬಿತದಲ್ಲಿ ಮೊದಲಿಲ್ಲದ ಒಂದು ಬಿಡುವು ಬಂದಿದೆ, ಮಂದ್ರದಲ್ಲಿ ಮೊದಲಿಲ್ಲದ ಗಾತ್ರ ಬಂದಿದೆ. ಆಕಾಶವಾಣಿಯ ಎ ದರ್ಜೆಯೂ ಆಯಿತು. ಕಳೆದುಕೊಂಡದ್ದನ್ನೂ ಹೇಳಬೇಕು. ತಾರ ಸಪ್ತಕದ ಚುರುಕು ತಾನುಗಳು ಹಿಂದಿನಂತೆ ಬರುವುದಿಲ್ಲ. ನಾಟ್ಯಗೀತೆ ಮತ್ತು ಭಕ್ತಿಗೀತೆಗಳ ಕರೆಗಳು ಬಹುಪಾಲು ನಿಂತವು, ಅವುಗಳಿಂದ ಬರುತ್ತಿದ್ದ ಹಣವೂ ನಿಂತಿತು. ಗಂಗೂಬಾಯಿಯವರ ಹೋಲಿಕೆಯ ಮಾತು ಅವರು ಅಂಜಿದಂತೆಯೇ ಬಂತು, ಒಂದೆರಡು ವರ್ಷ ಕಾಡಿತು, ಆಮೇಲೆ ಕೇಳುಗರಿಗೆ ಇವರದೇ ದನಿ ರೂಢಿಯಾಯಿತು.

ಇದೇ ದಾರಿಯಲ್ಲಿರುವವರಿಗೆ ಈ ಪ್ರಕರಣದಿಂದ ನಾನು ಎತ್ತಿಕೊಡಬಲ್ಲದ್ದು ಇಷ್ಟು. ದನಿ ಕೂತದ್ದು ಎರಡು-ಮೂರು ವಾರಕ್ಕೂ ಸರಿಹೋಗದಿದ್ದರೆ ಗಂಟಲು ತೋರಿಸಬೇಕು, ರಿಯಾಜ್ ಹೆಚ್ಚಿಸಬಾರದು. ಗಂಟು ಇಳಿದ ಮೇಲೆ ಅದು ಬಂದ ದಾರಿಯನ್ನೇ ಮತ್ತೆ ಹಿಡಿದರೆ ಚಿಕಿತ್ಸೆ ವ್ಯರ್ಥ. ಪಟ್ಟಿ ಇಳಿಸುವುದಾದರೆ ವಾದ್ಯಗಳನ್ನೂ ಕೂಡಿಯೇ ಇಳಿಸಬೇಕು, ಸಡಿಲ ತಂತಿಯ ತಂಬೂರಿ ಎಂಥ ನಿರ್ಧಾರವನ್ನೂ ತಪ್ಪೆಂದು ತೋರಿಸಿಬಿಡುತ್ತದೆ. ಹಿಂದೆ ಕುಳಿತ ಶಿಷ್ಯರು ಗುರುಭಗಿನಿಯರು ಸ್ವರ ತುಂಬುವ ಮೊದಲು, ಅದೇ ಜಾಗದಲ್ಲಿ ಎಷ್ಟನೆಯ ಸಲ ತುಂಬುತ್ತಿದ್ದೇವೆ ಎಂಬ ಎಣಿಕೆ ಇಟ್ಟುಕೊಳ್ಳಬೇಕು. ಕಲಿಸುವವರು ಮಗು ಬೆಳೆದಂತೆ ಪಟ್ಟಿಯನ್ನು ಮತ್ತೆ ಮತ್ತೆ ನೋಡಬೇಕು, ಶಿಷ್ಯೆ ಬಾಯಿಬಿಟ್ಟು ಕೇಳಲಿ ಎಂದು ಕಾಯಬಾರದು, ಅವಳು ಕೇಳುವುದಿಲ್ಲ.

ಗಾಯಕಿಯ ಮನೆಯಲ್ಲಿ ಈಗ ಹದಿನಾಲ್ಕು ಮಕ್ಕಳು ಕಲಿಯುತ್ತಾರೆ. ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಇನ್ನೂರು ಪುಟದ ಒಂದು ವಹಿ ಇರುತ್ತದೆ. ಆರು ತಿಂಗಳಿಗೊಮ್ಮೆ, ಯುಗಾದಿ ಮತ್ತು ದಸರೆಯ ಆಸುಪಾಸಿನಲ್ಲಿ, ಒಬ್ಬೊಬ್ಬರನ್ನೇ ಕೂರಿಸಿ ಕೆಳಗಿನ ತುದಿ, ಮೇಲಿನ ತುದಿ ನೋಡಿ ಅದರಲ್ಲಿ ಬರೆಯುತ್ತಾರೆ. ಕಳೆದ ದಸರೆಯ ಪುಟದಲ್ಲಿ, ಹದಿಮೂರು ವರ್ಷದ ಒಬ್ಬ ಹುಡುಗಿಯ ಹೆಸರಿನ ಮುಂದೆ, ಕರಿ 5 ಎಂದಿದ್ದುದನ್ನು ಹೊಡೆದು ಕರಿ 4 ಎಂದು ಬರೆದಿದೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ: “ಮಂದ್ರ ನಿಷಾದ ತುಂಬಿ ಬರತದ. ಅವರ ಅವ್ವಗ ತಿಳಿಸಿ ಹೇಳಬೇಕು.”